ಬೈಕ್ ಮೇಲೆ ಕ್ರಿಕೆಟ್ ಮಾತು ಬೇಡ: ಒಬ್ಬ ಬಾಲಕ ಆಟಗಾರ ಮತ್ತು ಅವನ ಮನೆ

ಇದು ಉತ್ತರ ಕರ್ನಾಟಕದ ಒಂದು ತಾಲೂಕು ಊರಿನ ಹುಡುಗನ ಪ್ರಕರಣ. ಅವನ 11ನೇ ವಯಸ್ಸಿನಿಂದ 18ರವರೆಗೆ ನಡೆದದ್ದು. ಆ ಊರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವವರಲ್ಲಿ ನಾನೂ ಒಬ್ಬ, ಹಾಗಾಗಿ ಹತ್ತಿರದಿಂದ ನೋಡಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ. ಯಾರ ಹೆಸರೂ ಹೇಳುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕ್ರಿಕೆಟ್ ಹುಚ್ಚು ಹಿಡಿದ ಮಗು ಮನೆಯಲ್ಲಿರುವ ಅಪ್ಪ-ಅಮ್ಮಂದಿರು ಇದನ್ನು ಓದಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಹುಡುಗನ ಆಟಕ್ಕಿಂತ ಮನೆಯಲ್ಲಿ ಆದ ತೀರ್ಮಾನಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮನೆ ಹೇಗಿತ್ತು

ಅಪ್ಪನದು ಸರ್ಕಾರಿ ಕಚೇರಿಗಳ ಎದುರು ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಹರೆಯದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಜೋರಾಗಿ ಬೌಲಿಂಗ್ ಮಾಡುತ್ತಿದ್ದವರು. ಸುತ್ತಲಿನ ಹಳ್ಳಿಗಳಲ್ಲಿ ಅವರ ಹೆಸರು ಈಗಲೂ ನೆನಪಿಟ್ಟವರಿದ್ದಾರೆ. ಅವ್ವ ಅಂಗನವಾಡಿ ಕಾರ್ಯಕರ್ತೆ. ಮನೆಯ ದುಡ್ಡಿನ ಲೆಕ್ಕವೆಲ್ಲ ಅವರ ಕೈಯಲ್ಲಿ. ಅಜ್ಜಿ ಇದ್ದರು. ಹುಡುಗನಿಗಿಂತ ತುಂಬಾ ದೊಡ್ಡವಳಾದ ಅಕ್ಕ ಇದ್ದಳು, ಆಗ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು.

ಈ ಪ್ರಕರಣದಲ್ಲಿ ಅಕ್ಕನ ಮೇಲೆ ಕಣ್ಣಿಡಿ. ನಾವು ಮಕ್ಕಳಿಗೆ ನಡೆಸುವ ಕ್ರಿಕೆಟ್ ಶಿಬಿರದ ಮ್ಯಾಚುಗಳಲ್ಲಿ ಸ್ಕೋರ್ ಬರೆಯಲು ಯಾರೂ ಸಿಗುತ್ತಿರಲಿಲ್ಲ. ತಮ್ಮನನ್ನು ಬಿಡಲು ಬಂದವಳು ಹಾಗೇ ಕೂತು ಬರೆಯಲು ಶುರು ಮಾಡಿದಳು. ಆಮೇಲೆ ತಮ್ಮನಿಗೆ ಅಂತಲೇ ಒಂದು ನೋಟ್‌ಬುಕ್ ಇಟ್ಟಳು. ಎಷ್ಟು ಬಾಲ್ ಆಡಿದ, ಎಲ್ಲಿ ರನ್ ಬಂತು, ಹೇಗೆ ಔಟಾದ, ಎಲ್ಲವೂ ಅದರಲ್ಲಿ.

ಹುಡುಗ ಓಪನರ್. ಕೈ-ಕಣ್ಣಿನ ಹೊಂದಾಣಿಕೆ ಚೆನ್ನಾಗಿತ್ತು, ಬಾಲ್‌ಗೆ ಹೆದರುತ್ತಿರಲಿಲ್ಲ. ಆ ವಯಸ್ಸಿಗೆ ಅದು ಸಾಕು.

ಮೊದಲ ತೊಡಕು

13 ತುಂಬುವ ಹೊತ್ತಿಗೆ ಅವನ ಆಟ ಹಿಂದಕ್ಕೆ ಹೋಗತೊಡಗಿತು. ನೆಟ್ಸ್‌ನಲ್ಲಿ ನೋಡಲು ಖುಷಿಯಾಗುತ್ತಿತ್ತು, ಮ್ಯಾಚಿನಲ್ಲಿ ನಿಲ್ಲುತ್ತಿರಲಿಲ್ಲ. ಕಾರಣ ಎರಡು. ಒಂದು ಸುಲಭದ್ದು, ಇನ್ನೊಂದು ಕಷ್ಟದ್ದು.

ಸುಲಭದ್ದು ಬ್ಯಾಟ್. ಶಾಲಾ ಟೂರ್ನಮೆಂಟಿನಲ್ಲಿ ಅರ್ಧಶತಕ ಹೊಡೆದ ಖುಷಿಗೆ ಅಪ್ಪ ದುಬಾರಿಯ ಇಂಗ್ಲಿಷ್ ವಿಲ್ಲೋ ಮರದ ಬ್ಯಾಟ್ ತಂದಿದ್ದರು. ಅದು ದೊಡ್ಡವರು ಹಿಡಿಯುವ ಶಾರ್ಟ್ ಹ್ಯಾಂಡಲ್ ಸೈಜ್. 'ಹೆಂಗೂ ಬೆಳೀತಾನಲ್ಲ' ಅನ್ನುವ ಲೆಕ್ಕ. ಪ್ರೀತಿಯಿಂದ, ಸಾಲ ಮಾಡಿ ತಂದದ್ದು. ಆದರೆ ಹುಡುಗನ ಎತ್ತರಕ್ಕೆ 5ನೇ ಸೈಜ್ ಸರಿ ಇತ್ತು. ಭಾರದ ಬ್ಯಾಟ್ ಎತ್ತಲು ಕೆಳಗಿನ ಕೈ ಜಾಸ್ತಿ ಬಲ ಹಾಕಬೇಕಾಯಿತು. ಬ್ಯಾಟ್ ನೇರ ಇಳಿಯುವ ಬದಲು ಗಲ್ಲಿ ಕಡೆಯಿಂದ ಓರೆಯಾಗಿ ಬರತೊಡಗಿತು. ನೇರ ಬಂದ ಬಾಲನ್ನೂ ಮಿಡ್‌ವಿಕೆಟ್ ಕಡೆ ಎಳೆಯುವ ಚಾಳಿ ಅಂಟಿಕೊಂಡಿತು. ಬ್ಯಾಟಿಂಗ್‌ಗೆ ನಿಂತಾಗ ಹಿಡಿಕೆಯ ತುದಿ ಸೊಂಟದ ಕೆಳಗೇ ಇರಬೇಕು. ಇವನಿಗೆ ಅದು ಹೊಟ್ಟೆಗೆ ತಾಗುತ್ತಿತ್ತು. ಇದನ್ನು ತೋರಿಸಿದ ಮೇಲೆ ಅಪ್ಪ ವಾದ ಮಾಡಲಿಲ್ಲ. ಬ್ಯಾಟನ್ನು ಶಿಬಿರದ ದೊಡ್ಡ ಹುಡುಗನಿಗೆ ಕಡಿಮೆ ಬೆಲೆಗೆ ಮಾರಿ, ಯಾರೋ ಬಳಸಿ ಬಿಟ್ಟ ಕಾಶ್ಮೀರ್ ವಿಲ್ಲೋ ಬ್ಯಾಟ್ ತಂದುಕೊಟ್ಟರು. ಚಾಳಿ ಬಿಡಿಸಲು ಮಾತ್ರ ಇಡೀ ಮಳೆಗಾಲ ಹಿಡಿಯಿತು.

ಕಷ್ಟದ್ದು ಅಪ್ಪನ ಮಾತು.

ಮ್ಯಾಚ್ ಮುಗಿದ ಮೇಲೆ ಅಪ್ಪ ಬೈಕಿನಲ್ಲಿ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಹುಡುಗ ಕಿಟ್ ಬ್ಯಾಗ್ ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂರುತ್ತಿದ್ದ. ದಾರಿಯುದ್ದಕ್ಕೂ ಅಪ್ಪ ಕತ್ತು ಹಿಂದೆ ತಿರುಗಿಸಿ ಮಾತಾಡುತ್ತಿದ್ದರು. ಆ ಬಾಲ್ ಯಾಕೆ ಬಿಡಲಿಲ್ಲ? ಕಾಲು ಯಾಕೆ ಮುಂದೆ ಬರಲಿಲ್ಲ? ಅವನು ಇನ್‌ಸ್ವಿಂಗ್ ಹಾಕ್ತಾನೆ ಅಂತ ಹೇಳಿರಲಿಲ್ವಾ? ಬೈಯುತ್ತಿರಲಿಲ್ಲ, ಹೊಡೆದದ್ದಂತೂ ಇಲ್ಲವೇ ಇಲ್ಲ. ಹೇಳುತ್ತಿದ್ದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಯೇ ಇರುತ್ತಿತ್ತು. ಮಗನಿಗೆ ತನಗೆ ಸಿಗದಿದ್ದದ್ದು ಸಿಗಲಿ ಅನ್ನುವ ತವಕ, ಅಷ್ಟೇ. ಆದರೆ ಮನೆ ಮುಟ್ಟುವ ಹೊತ್ತಿಗೆ ಹುಡುಗನಿಗೆ ತಾನು ಆಡಿದ ಆಟವೇ ಅಸಹ್ಯ ಆಗಿರುತ್ತಿತ್ತು. ಔಟಾದ ಕೂಡಲೇ ಅವನು ಮೊದಲು ನೋಡುತ್ತಿದ್ದದ್ದು ಬೌಂಡರಿ ಆಚೆ ನಿಂತ ಬೈಕ್ ಕಡೆಗೆ. ಒಂದು ಹಂತದಲ್ಲಿ ಔಟಾಗುವ ಮೊದಲೇ ನೋಡತೊಡಗಿದ.

ಅಪ್ಪನ ಬಾಯಲ್ಲಿ ಆಗಾಗ ಬರುತ್ತಿದ್ದದ್ದು ಯುವರಾಜ್ ಸಿಂಗ್ ಕಥೆ. ಹುಡುಗ ಯುವರಾಜ್ ರೋಲರ್ ಸ್ಕೇಟಿಂಗ್‌ನಲ್ಲಿ ಮೆಡಲ್ ಗೆದ್ದು ಬಂದಾಗ ಅವರಪ್ಪ ಯೋಗರಾಜ್ ಆ ಮೆಡಲನ್ನು ಎಸೆದು ಕ್ರಿಕೆಟ್ ಆಡು ಅಂದರಲ್ಲ, ಅದು. ಕಠಿಣವಾಗಿದ್ದಕ್ಕೇ ಅವನು 2011ರ ವಿಶ್ವಕಪ್ ಗೆಲ್ಲಿಸಿದ ಅನ್ನುವುದು ಅಪ್ಪನ ವಾದ. ಇಂಥ ಕಥೆಗಳ ತೊಂದರೆ ಏನಂದರೆ, ಹಾಗೇ ಬೆಳೆದು ಬ್ಯಾಟ್ ಬಿಟ್ಟುಹೋದ ನೂರಾರು ಮಕ್ಕಳ ಕಥೆಯನ್ನು ಯಾರೂ ಹೇಳುವುದಿಲ್ಲ. ಅಂಥವರನ್ನು ನಾನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ.

ಅಕ್ಕನ ನೋಟ್‌ಬುಕ್

ಅಕ್ಕ ಅಪ್ಪನ ಜೊತೆ ಜಗಳ ಆಡಲಿಲ್ಲ. ಮೊದಲ ತಿರುವು ಇಲ್ಲಿದೆ.

ನೋಟ್‌ಬುಕ್ಕಿನ ಕೆಲವು ಪುಟಗಳ ಬಲ ಮೂಲೆಯಲ್ಲಿ ಅವಳು ಕೆಂಪು ಪೆನ್ನಿನಿಂದ ಸಣ್ಣ ಚುಕ್ಕೆ ಇಟ್ಟಿದ್ದಳು. ಅಪ್ಪ ಮೈದಾನಕ್ಕೆ ಬಂದ ದಿನದ ಗುರುತು ಅದು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲದಾಗ ನೋಟ್‌ಬುಕ್ ಅವರ ಕೈಗೆ ಕೊಟ್ಟು, ಚುಕ್ಕೆ ಏನೆಂದು ಮಾತ್ರ ಹೇಳಿ ಕಾಲೇಜಿಗೆ ಹೋದಳು. ಅಪ್ಪ ಎಲ್ಲ ಪುಟ ತಿರುವಿದರು. ಚುಕ್ಕೆ ಇದ್ದ ಪುಟಗಳಲ್ಲಿ ಹುಡುಗ ಬೇಗ ಔಟಾಗಿದ್ದ, ಅದೂ ಸುಮ್ನೆ ಬ್ಯಾಟ್ ಬೀಸಿ. ಚುಕ್ಕೆ ಇಲ್ಲದ ಪುಟಗಳಲ್ಲಿ ಬಾಲ್ ಬಿಡುತ್ತಿದ್ದ, ನಿಂತು ಆಡುತ್ತಿದ್ದ. ಎಲ್ಲ ಪುಟವೂ ಹಾಗೇ ಇರಲಿಲ್ಲ, ಆದರೆ ಯಾರಿಗಾದರೂ ಅರ್ಥ ಆಗುವಷ್ಟು ಇತ್ತು.

ಆ ರಾತ್ರಿ ನಿಯಮ ಮಾಡಿದ್ದು ಅಪ್ಪನೇ. ಬೈಕ್ ಮೇಲೆ ಕ್ರಿಕೆಟ್ ಮಾತಿಲ್ಲ. ಊಟ ಆದ ಮೇಲೆ ಹುಡುಗ ತಾನಾಗಿ ನೋಟ್‌ಬುಕ್ ತಂದರೆ ಮಾತಾಡೋಣ, ತರದಿದ್ದರೆ ಬೇಡ. ಮಾತಾಡುವುದೂ ಅಕ್ಕನ ಜೊತೆ. ಅಪ್ಪ ಕೂತು ಕೇಳಬಹುದು.

ಅಪ್ಪಂದಿರಿಗೆ ಇದು ಎಷ್ಟು ಕಷ್ಟ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅವರ ಬದುಕಿನಲ್ಲಿ ತಮಗೆ ಚೆನ್ನಾಗಿ ಗೊತ್ತಿರುವ ವಿಷಯ ಅಂದರೆ ಕ್ರಿಕೆಟ್ ಒಂದೇ. ಅದನ್ನೇ ಮಗನ ಜೊತೆ ಮಾತಾಡಬಾರದು. ಮೊದಮೊದಲು ಬೈಕ್ ಮೇಲೆ ಇಬ್ಬರೂ ಸುಮ್ಮನೆ ಬರುತ್ತಿದ್ದರಂತೆ. ನಿಧಾನಕ್ಕೆ ಅಂಗಡಿ, ಶಾಲೆ, ಅಜ್ಜಿಯ ಮಂಡಿನೋವು ಅಂತ ಮಾತು ಬಂತು. ಒಂದು ದಿನ ದಾರಿಯಲ್ಲಿ ಗಿರ್ಮಿಟ್ ತಿನ್ನಲು ನಿಲ್ಲಿಸಿದರು. ಹುಡುಗ ಅವತ್ತು ಸೊನ್ನೆಗೆ ಔಟಾಗಿದ್ದ. ಆಮೇಲೆ ನೂರು ಹೊಡೆದ ದಿನವೂ ಅಲ್ಲೇ ನಿಂತರು, ಅಷ್ಟೇ ಗಿರ್ಮಿಟ್. ಹುಡುಗ ಇದನ್ನು ನನಗೆ ಎರಡು ಸಲ ಹೇಳಿದ್ದಾನೆ.

ಕ್ರಿಕೆಟ್ ಮಾತೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಚಿನ್ ತೆಂಡೂಲ್ಕರ್ 2013ರ ನವೆಂಬರ್‌ನಲ್ಲಿ ವಾಂಖೆಡೆಯಲ್ಲಿ ವಿದಾಯದ ಮಾತಾಡುವಾಗ, ಹಿಂದಿನ ರಾತ್ರಿಯೂ ಅಣ್ಣ ಅಜಿತ್ ಫೋನ್ ಮಾಡಿ ತಾನು ಔಟಾದ ರೀತಿಯ ಬಗ್ಗೆ ಮಾತಾಡಿದ್ದನ್ನು ಹೇಳಿದರು. 200ನೇ ಟೆಸ್ಟ್, ಮತ್ತೆ ಬ್ಯಾಟ್ ಹಿಡಿಯುವ ಸಾಧ್ಯತೆ ತೀರಾ ಕಡಿಮೆ, ಆದರೂ ಆ ಮಾತು ನಡೆದಿತ್ತು. ಇದೇ ಅಜಿತ್ 1984ರಲ್ಲಿ ತಮ್ಮನನ್ನು ಮುಂಬೈನ ಶಿವಾಜಿ ಪಾರ್ಕಿಗೆ ಕೋಚ್ ರಮಾಕಾಂತ್ ಅಚ್ರೇಕರ್ ಬಳಿ ಕರೆದೊಯ್ದವರು. 11 ವರ್ಷದ ಹುಡುಗ ಗುರುವಿನ ಕಣ್ಣೆದುರು ಗಾಬರಿಯಾಗಿ ಸರಿಯಾಗಿ ಆಡಲಿಲ್ಲ. ಆಗ ಅಜಿತ್ ಅವರು ಅಚ್ರೇಕರ್ ಅವರನ್ನು, ಹೋದಂತೆ ಮಾಡಿ ದೂರದಿಂದ ನೋಡಿ ಎಂದು ಕೇಳಿಕೊಂಡರು. ಎರಡನೇ ಸಲ ಹುಡುಗ ತನ್ನ ಆಟ ಆಡಿದ. ನಮ್ಮ ಪ್ರಕರಣದ ಅಕ್ಕ ಮಾಡಿದ್ದೂ ಇದನ್ನೇ, ಅಲ್ವಾ? ನೋಡುವ ಕಣ್ಣನ್ನು ಸ್ವಲ್ಪ ದೂರ ನಿಲ್ಲಿಸಿದಳು. ಮಾತಾಡುವುದು ಯಾರು, ಯಾವಾಗ, ಕೇಳಿದ ಮೇಲೋ ಕೇಳದೆಯೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಎರಡು ಸಲಹೆ, ಎರಡಕ್ಕೂ 'ಬೇಡ'

ಮುಂದಿನ ವರ್ಷ ರಾಜ್ಯ ಕ್ರಿಕೆಟ್ ಸಂಸ್ಥೆಯ 14ರೊಳಗಿನವರ ಧಾರವಾಡ ಜೋನ್ ಟ್ರಯಲ್ಸ್‌ಗೆ ಹುಬ್ಬಳ್ಳಿಗೆ ಹೋದ. ಆಯ್ಕೆ ಆಗಲಿಲ್ಲ. ನಮ್ಮೂರಿನಲ್ಲಿ ಆಡುವುದು ಮ್ಯಾಟ್, ಅಂದರೆ ಪಿಚ್ ಮೇಲೆ ಹಾಸಿದ ಚಾಪೆಯ ಮೇಲೆ. ಅಲ್ಲಿ ಬಾಲ್ ಎತ್ತರಕ್ಕೆ ಪುಟಿಯುತ್ತದೆ, ಹುಡುಗರು ಹಿಂದೆ ಸರಿದು ಆಡಿ ಆಡಿ ಅದೇ ರೂಢಿ ಮಾಡಿಕೊಳ್ಳುತ್ತಾರೆ. ಟರ್ಫ್ (ಹುಲ್ಲು-ಮಣ್ಣಿನ ಪಿಚ್) ಮೇಲೆ ಅದೇ ಬಾಲ್ ಕೆಳಗೆ ಉಳಿಯಿತು, ಹಿಂದೆ ಸರಿದವನ ಪ್ಯಾಡಿಗೆ ಬಡಿಯಿತು, ಔಟ್. ಎಲ್‌ಬಿ.

ಆಗ ಅಪ್ಪನಿಗೆ ಪರಿಚಯದವರೊಬ್ಬರಿಂದ ಎರಡು ಸಲಹೆ ಬಂದವು. ಒಂದು, ಹುಡುಗನನ್ನು ಬೆಂಗಳೂರಿಗೆ ಕಳಿಸಿ, ಹಾಸ್ಟೆಲ್ಲಿಗೆ ಸೇರಿಸಿ, ಇಲ್ಲಿದ್ದರೆ ಉದ್ಧಾರ ಆಗಲ್ಲ. ಇನ್ನೊಂದು, ವಯಸ್ಸಿನಲ್ಲಿ ಎರಡು ವರ್ಷ ಕಮ್ಮಿ ಮಾಡಿಸಿ, ಎಲ್ಲರೂ ಮಾಡ್ತಾರೆ, ಕಾಗದಪತ್ರದ ಕೆಲಸ ಅಷ್ಟೇ.

ಎರಡನೆಯದಕ್ಕೆ ಉತ್ತರ ಕೊಟ್ಟದ್ದು ಅವ್ವ. ಅಂಗನವಾಡಿಯಲ್ಲಿ ಹಳ್ಳಿಯ ಒಂದೊಂದು ಮಗುವಿನ ಹುಟ್ಟಿದ ದಿನ, ತೂಕ, ಎತ್ತರವನ್ನು ತಪ್ಪದೆ ಬರೆದಿಡುವ ಹೆಂಗಸು ಅವರು. 'ಊರ ಮಕ್ಕಳ ತಾರೀಖು ಸರಿ ಬರೆದು ನನ್ನ ಮಗಂದು ಸುಳ್ಳು ಬರೀಲಾ?' ಅಂದರು. ಅಲ್ಲಿಗೆ ಮುಗಿಯಿತು. ಹುಡುಗ ಅದನ್ನು ಒಳಗಿನ ಕೋಣೆಯಿಂದ ಕೇಳಿಸಿಕೊಂಡಿದ್ದ.

ವಿರಾಟ್ ಕೊಹ್ಲಿ 2020ರಲ್ಲಿ ಫುಟ್ಬಾಲ್ ಆಟಗಾರ ಸುನಿಲ್ ಛೆಟ್ರಿ ಜೊತೆ ಮಾತಾಡುವಾಗ ಇಂಥದ್ದೇ ಒಂದು ಪ್ರಸಂಗ ಹೇಳಿದ್ದರು. ಹುಡುಗನಾಗಿದ್ದಾಗ ತಂಡದಲ್ಲಿ ಜಾಗ ಸಿಗಬೇಕಾದರೆ ಆಟದ ಜೊತೆ ಇನ್ನೂ ಏನೋ ಕೊಡಬೇಕು ಎಂಬ ಸೂಚನೆ ಬಂತು, ಅಪ್ಪ ಪ್ರೇಮ್ ಕೊಹ್ಲಿ ಒಪ್ಪಲಿಲ್ಲ, ಆ ಸಲ ಆಯ್ಕೆ ತಪ್ಪಿ ತಾನು ತುಂಬಾ ಅತ್ತೆ ಅಂತ. ಸಚಿನ್ ಕೂಡ ವಿದಾಯದ ದಿನ ಅಪ್ಪ ಹೇಳಿದ್ದನ್ನು ನೆನೆದರು: ಕನಸಿನ ಬೆನ್ನು ಹತ್ತು, ಅಡ್ಡದಾರಿ ಹುಡುಕಬೇಡ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರಾದರೂ ಸ್ಪಷ್ಟವಾಗಿ ಬೇಡ ಅನ್ನಬೇಕು. ಹುಡುಗನಿಗೆ ಆ ವಯಸ್ಸಿನಲ್ಲಿ ತಾನೇ ಬೇಡ ಅನ್ನುವ ಶಕ್ತಿ ಇರುವುದಿಲ್ಲ.

ಬೆಂಗಳೂರಿನ ವಿಷಯ ಇಷ್ಟು ಸುಲಭದ್ದಾಗಿರಲಿಲ್ಲ. ಆ ಸಲಹೆಯಲ್ಲಿ ಸತ್ಯವೂ ಇತ್ತು. ಅಲ್ಲಿ ಟರ್ಫ್ ಇದೆ, ಲೀಗ್ ಇದೆ, ನೋಡುವ ಕಣ್ಣುಗಳಿವೆ. ಅಪ್ಪ ಕಳಿಸಬೇಕು ಅಂದರು, ಅಜ್ಜಿ ಅತ್ತರು, ಅವ್ವ ಖರ್ಚಿನ ಪಟ್ಟಿ ಮಾಡಿದರು. ಅಕ್ಕ ಮಾತ್ರ ತಮ್ಮನನ್ನೇ ಕೇಳಿದಳು. ಹೋಗುತ್ತೇನೆ, ಆದರೆ ಈಗಲ್ಲ ಅಂದ. ಆ 'ಈಗಲ್ಲ' ಅನ್ನು ಅವರು ಗಂಭೀರವಾಗಿ ತೆಗೆದುಕೊಂಡರು. ಅದರ ಬದಲು ಪ್ರತಿ ಭಾನುವಾರ ಬೆಳಗಿನ ಜಾವದ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಟರ್ಫ್ ಮೇಲೆ ಅಭ್ಯಾಸ ಮಾಡಿ ಬರುವುದು ಅಂತಾಯಿತು. ಜೊತೆಗೆ ಅಪ್ಪ ಅಥವಾ ಅಕ್ಕ. ಭಾರತಕ್ಕೆ ಆಡಿದ ಗದುಗಿನ ಸ್ಪಿನ್ನರ್ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದದ್ದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆ ದಾರಿ ಮೊದಲೇ ಯಾರೋ ನಡೆದದ್ದು ಅನ್ನುವ ಧೈರ್ಯ ಮನೆಯವರಿಗೆ ಇತ್ತು.

ಒಂದು ವರ್ಷದಲ್ಲಿ ಅವನ ಮುಂಗಾಲು ಬಾಲಿನ ಹತ್ತಿರ ಹೋಗತೊಡಗಿತು. 16ರೊಳಗಿನ ಜೋನ್ ತಂಡಕ್ಕೆ ಆಯ್ಕೆಯಾದ, ರನ್ ಹೊಡೆದ, ರಾಜ್ಯದ ಸಂಭಾವ್ಯರ ಪಟ್ಟಿಗೆ ಹೆಸರು ಹೋಯಿತು.

ಬೋನ್ ಟೆಸ್ಟ್

ಪ್ರಕರಣದ ನಿಜವಾದ ಪರೀಕ್ಷೆ ಇಲ್ಲಿತ್ತು.

16ರೊಳಗಿನ ಹುಡುಗರ ವಯಸ್ಸು ಖಚಿತ ಮಾಡಲು ಬಿಸಿಸಿಐ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತದೆ. ಟಿಡಬ್ಲ್ಯೂ3 ಎಂಬ ವಿಧಾನದಲ್ಲಿ ಕೈ ಮತ್ತು ಬೆರಳಿನ ಮೂಳೆಗಳು ಎಷ್ಟು ಬಲಿತಿವೆ ಎಂದು ಅಂಕ ಹಾಕುತ್ತಾರೆ. ಅದರಿಂದ ಬರುವುದು ಮೂಳೆಯ ವಯಸ್ಸು. ಹುಟ್ಟಿದ ದಿನದಿಂದ ಎಣಿಸಿದ ವಯಸ್ಸಿಗೂ ಅದಕ್ಕೂ ಬಹಳಷ್ಟು ಮಕ್ಕಳಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಆದರೆ ಬೇಗ ಬೆಳೆಯುವ ಮಕ್ಕಳಲ್ಲಿ ಮೂಳೆ ಮುಂದೆ ಓಡಿರುತ್ತದೆ. ಈ ಹುಡುಗನಿಗೆ 13ರಲ್ಲೇ ಮೀಸೆ ಚಿಗುರಿತ್ತು, ದನಿ ಒಡೆದಿತ್ತು. ಎಕ್ಸ್‌ರೇಯಲ್ಲಿ ಅವನ ಮೂಳೆಯ ವಯಸ್ಸು ಮಿತಿಗಿಂತ ಜಾಸ್ತಿ ಬಂತು. ಅವನು 16ರೊಳಗಿನ ವಿಜಯ್ ಮರ್ಚೆಂಟ್ ಟ್ರೋಫಿ ಆಡುವ ಹಾಗಿರಲಿಲ್ಲ.

ವಯಸ್ಸು ತಿದ್ದಲು ಒಪ್ಪದ ಮನೆಯ ಮಗ ವಯಸ್ಸಿನ ಪರೀಕ್ಷೆಯಲ್ಲೇ ಹೊರಗೆ ಬಿದ್ದ. ಊರಲ್ಲಿ ಮಾತು ಶುರುವಾಯಿತು. ಸರ್ಟಿಫಿಕೇಟ್ ಸುಳ್ಳಂತೆ, ಅಪ್ಪ ಏನೋ ಮಾಡಿಸಿದ್ದನಂತೆ. ಶಾಲೆಯಲ್ಲಿ ಯಾರೋ ಹುಡುಗನನ್ನು 'ಅಂಕಲ್' ಅಂತ ಕರೆದರು. ಹುಡುಗ ಮನೆಗೆ ಬಂದು ಕಿಟ್ ಬ್ಯಾಗ್ ಅಟ್ಟಕ್ಕೆ ಎಸೆದ. ಸುಳ್ಳು ಹೇಳಿದ್ದರೂ ಇದೇ ಆಗುತ್ತಿತ್ತಲ್ಲ ಅಂತ ಅವ್ವನನ್ನೇ ಕೇಳಿದ. ಆ ಪ್ರಶ್ನೆಗೆ ಅವ್ವ ಅವತ್ತು ಉತ್ತರ ಕೊಡಲಿಲ್ಲ. ಕೂತು ಅವನ ಜೊತೆ ಅತ್ತರು ಅಷ್ಟೇ. ಅದೇ ಸರಿಯಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಮನೆಯವರು ಮಾಡಿದ ಕೆಲಸಗಳನ್ನು ಗಮನಿಸಬೇಕು. ಅಪ್ಪ ಊರಿನವರ ಬಾಯಿ ಮುಚ್ಚಿಸಲು ಹೋಗಲಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ್ದ ಹುಡುಗ, ಜನನ ನೋಂದಣಿ ಅದೇ ತಿಂಗಳಲ್ಲಿ ಆಗಿತ್ತು. ಆ ಪ್ರಮಾಣಪತ್ರ, ತಾಯಿ ಕಾರ್ಡು, ಶಾಲೆಗೆ ಸೇರಿಸಿದ ದಾಖಲೆ, ಎಲ್ಲ ಒಂದೇ ಫೈಲಿನಲ್ಲಿ ಇಟ್ಟರು. ಬಿಸಿಸಿಐ 2020ರಲ್ಲಿ ವಯಸ್ಸಿನ ಸುಳ್ಳಿಗೆ ಎರಡು ವರ್ಷ ನಿಷೇಧ ಎಂದು ಹೇಳಿತು. ಹುಟ್ಟಿ ಎರಡು ವರ್ಷ ಕಳೆದ ಮೇಲೆ ನೋಂದಣಿ ಆಗಿದ್ದರೆ 19ರೊಳಗಿನ ಆಟದಲ್ಲಿ ಎಷ್ಟು ವರ್ಷ ಆಡಬಹುದು ಎನ್ನುವುದಕ್ಕೂ ಮಿತಿ ಹಾಕಿತು. ಹೀಗಾಗಿ ಆ ತಿಂಗಳೇ ನೋಂದಣಿ ಮಾಡಿಸಿದ್ದ ಕಾಗದ ಎಷ್ಟು ಬೆಲೆಬಾಳುವಂಥದ್ದು ಅಂತ ಅವರಿಗೆ ಆಗ ಗೊತ್ತಾಯಿತು. ಅಕ್ಕ ಮೂಳೆಯ ವಯಸ್ಸು ಅಂದರೇನು ಅಂತ ಊರಿನ ಮಕ್ಕಳ ಡಾಕ್ಟರ ಬಳಿ ತಮ್ಮನನ್ನೇ ಕರೆದೊಯ್ದು ಕೇಳಿಸಿದಳು. ನೀನು ಬೇಗ ಬೆಳೆದಿದ್ದೀಯ, ತಪ್ಪು ಮಾಡಿಲ್ಲ ಅನ್ನುವುದನ್ನು ಮನೆಯವರಲ್ಲದ ಒಬ್ಬರ ಬಾಯಿಂದ ಅವನು ಕೇಳಬೇಕಿತ್ತು. ಅದರಿಂದ ಆದ ಗುಣ ನಾನು ನೋಡಿದ್ದೇನೆ. ಮುಂದಿನ ವಾರ ಅವನೇ ಅಟ್ಟ ಹತ್ತಿ ಬ್ಯಾಗ್ ಇಳಿಸಿದ.

ಇನ್ನೊಂದು ತೀರ್ಮಾನ ಆಟದ್ದು. ವಯಸ್ಸಿನ ಗುಂಪಿನ ಆಟ ಇಲ್ಲದಿದ್ದರೆ ದೊಡ್ಡವರ ಜೊತೆ ಆಡಲಿ ಅಂತ ಹುಬ್ಬಳ್ಳಿಯ ಒಂದು ಕ್ಲಬ್ಬಿಗೆ ಲೀಗ್ ಆಡಲು ಸೇರಿಸಿದರು. ಅಲ್ಲಿ 25-30 ವರ್ಷದ ಬೌಲರುಗಳು. ಮೊದಲ ಸೀಸನ್ ಕಷ್ಟವೇ ಆಯಿತು. ಆರನೇ ನಂಬರಿಗೆ ಹೋಗುತ್ತಿದ್ದ, ಪಕ್ಕೆಗೆ ಬಾಲ್ ಬಿದ್ದು ನೀಲಿಗಟ್ಟಿಸಿಕೊಂಡು ಬರುತ್ತಿದ್ದ. ಆದರೆ ಅಲ್ಲಿ ಅವನ ವಯಸ್ಸು ಯಾರಿಗೂ ಬೇಕಿರಲಿಲ್ಲ, ರನ್ ಬೇಕಿತ್ತು. ಎಸ್ಸೆಸ್ಸೆಲ್ಸಿಯೂ ಅದೇ ವರ್ಷ ಬಂತು. ಫೆಬ್ರವರಿಯಿಂದ ಪರೀಕ್ಷೆ ಮುಗಿಯುವವರೆಗೆ ಬ್ಯಾಟ್ ಮುಟ್ಟುವುದಿಲ್ಲ ಅಂತ ಅವನೇ ಹೇಳಿದ, ಹಾಗೇ ನಡೆದುಕೊಂಡ.

ಆಮೇಲೆ ಏನಾಯಿತು

17ರಲ್ಲಿ 19ರೊಳಗಿನ ಜೋನ್ ತಂಡಕ್ಕೆ ಬಂದ. ದೊಡ್ಡವರ ಬೌಲಿಂಗ್ ಆಡಿ ಬಂದವನಿಗೆ ಅಲ್ಲಿನ ವೇಗ ನಿಧಾನ ಅನ್ನಿಸಿತಂತೆ. ರಾಜ್ಯದ ಸಂಭಾವ್ಯರಲ್ಲಿ ಮತ್ತೆ ಹೆಸರು ಬಂತು, ಆದರೆ 19ರೊಳಗಿನವರ ಕೂಚ್ ಬೆಹಾರ್ ಟ್ರೋಫಿ ತಂಡದಲ್ಲಿ ಜಾಗ ಸಿಗಲಿಲ್ಲ. ಆಗ ಅವನೇ ಬೆಂಗಳೂರಿನ ಮಾತು ಎತ್ತಿದ. ಹಾಸ್ಟೆಲ್ ಬೇಡ, ಸೋದರಮಾವನ ಮನೆಯಲ್ಲಿ ಇರುತ್ತೇನೆ ಅಂದ. ಸಚಿನ್ ಶಿವಾಜಿ ಪಾರ್ಕ್ ಹತ್ತಿರ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ವರ್ಷ ಇದ್ದದ್ದನ್ನು ಅಕ್ಕ ಮೊದಲೇ ಅವನಿಗೆ ಹೇಳಿದ್ದಳು. ಸೋದರಮಾವನ ಹೆಂಡತಿ ಬೆಳಗಿನ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿಕೊಡುತ್ತಾರೆ. ಇಂಥವರ ಹೆಸರು ಸ್ಕೋರ್‌ಬೋರ್ಡಿನಲ್ಲಿ ಬರುವುದಿಲ್ಲ, ಆದರೆ ಅವರಿಲ್ಲದೆ ಒಬ್ಬ ಹುಡುಗನೂ ಮೇಲೆ ಬಂದದ್ದನ್ನು ನಾನು ಕಂಡಿಲ್ಲ.

ಈಗ ಅವನು ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಾ ಲೀಗ್ ಆಡುತ್ತಿದ್ದಾನೆ. ರಾಜ್ಯ ತಂಡಕ್ಕೆ ಬರುತ್ತಾನೋ ಇಲ್ಲವೋ ಯಾರಿಗೆ ಗೊತ್ತು. ಅಷ್ಟು ಕೆಳಗಿನಿಂದ ಅಷ್ಟು ಹುಡುಗರು ಬರುತ್ತಿರುವಾಗ ಆ ಬಾಗಿಲು ಬಹಳ ಕಿರಿದು. ಅಪ್ಪನಿಗೆ ಆ ಆಸೆ ಇನ್ನೂ ಇದೆ, ಬಚ್ಚಿಡುವುದಿಲ್ಲ. ಅವ್ವ ಇಲ್ಲಿಯವರೆಗೆ ಒಂದು ಮ್ಯಾಚಿಗೂ ಮೈದಾನಕ್ಕೆ ಹೋಗಿಲ್ಲ. ಸಚಿನ್ ತಾಯಿ ಮಗನ ಆಟವನ್ನು ಮೈದಾನದಲ್ಲಿ ಕೂತು ನೋಡಿದ್ದು ಕೊನೆಯ ಟೆಸ್ಟಿನಲ್ಲಿ ಅಂತ ಮಗಳು ಹೇಳಿದಾಗ, ನನಗೂ ಅವಸರ ಇಲ್ಲ ಅಂದರಂತೆ.

ಬೇರೆಯವರು ಇದರಿಂದ ತೆಗೆದುಕೊಳ್ಳಬಹುದಾದದ್ದು

ಪ್ರತಿ ಮನೆಯಲ್ಲಿ ಇಂಥ ಅಕ್ಕ ಇರುವುದಿಲ್ಲ. ಆದರೆ ಅವಳ ಕೆಲಸವನ್ನು ಯಾರಾದರೂ ಮಾಡಬಹುದು: ಚಿಕ್ಕಪ್ಪ, ಅಜ್ಜ, ಪಕ್ಕದ ಮನೆಯ ಹುಡುಗ. ಗೆಲುವು-ಸೋಲಿನಲ್ಲಿ ತನ್ನದೇನೂ ಇಲ್ಲದ, ಆಟ ಅರ್ಥ ಆಗುವ ಒಬ್ಬರು ಇದ್ದರೆ ಸಾಕು. ಮಗು ಅವರ ಹತ್ತಿರ ಔಟಾದದ್ದನ್ನು ಹೆದರದೆ ಹೇಳುತ್ತದೆ. ಅಪ್ಪ-ಅಮ್ಮನಿಗೇ ಆ ಜಾಗ ಕಷ್ಟ, ಯಾಕಂದರೆ ಅವರ ಮುಖ ಬಾಡಿದರೆ ಮಗುವಿಗೆ ಗೊತ್ತಾಗಿಬಿಡುತ್ತದೆ.

ಬೋನ್ ಟೆಸ್ಟ್ ವಿಷಯದಲ್ಲಿ ಈಗ ನಾನು ಬೇಗ ಬೆಳೆಯುತ್ತಿರುವ ಹುಡುಗರ ಮನೆಯವರಿಗೆ 13-14ರಲ್ಲೇ ಹೇಳುತ್ತೇನೆ. ಮಿತಿ ಮೀರುವ ಸಾಧ್ಯತೆ ಇದೆ, ಮೀರಿದರೆ ಮುಚ್ಚುವುದು 16ರೊಳಗಿನ ಟೂರ್ನಿಯ ಬಾಗಿಲು ಮಾತ್ರ, 19ರೊಳಗಿನದು ತೆರೆದೇ ಇದೆ. ಮೊದಲೇ ಗೊತ್ತಿದ್ದ ಮಗು ಆ ದಿನ ಅಷ್ಟು ಕುಸಿಯುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ನೋಂದಣಿಯ ತಾರೀಖು ನೋಡಿಕೊಳ್ಳಿ ಅಂತಲೂ ಹೇಳುತ್ತೇನೆ.

ಊರು ಬಿಡುವ ತೀರ್ಮಾನದ ಬಗ್ಗೆ ಮಾತ್ರ ಈ ಒಂದು ಪ್ರಕರಣದಿಂದ ನಿಯಮ ಮಾಡಲು ಆಗುವುದಿಲ್ಲ. 13ಕ್ಕೇ ಬೆಂಗಳೂರಿಗೆ ಹೋಗಿದ್ದರೆ ಟರ್ಫ್ ಅಭ್ಯಾಸ ಬೇಗ ಸಿಗುತ್ತಿತ್ತು, ಆಟ ಇನ್ನೂ ಮುಂದೆ ಇರುತ್ತಿತ್ತೇನೋ. ಆದರೆ ಬೋನ್ ಟೆಸ್ಟ್ ಆದ ಆ ವಾರ ಅವನು ಹಾಸ್ಟೆಲ್ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಎರಡನ್ನೂ ತೂಗಿ ನೋಡಿದರೆ, ಆ ಮನೆಯವರ 'ಈಗಲ್ಲ' ಸರಿ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಅಪ್ಪ ಈಗಲೂ ಇದನ್ನು ಪೂರ್ತಿ ಒಪ್ಪುವುದಿಲ್ಲ.